ಗೇಟಿನಲ್ಲಿ ತಿರುಗಿ ನೋಡಬಾರದು

ಮನೆಯೇ ಮೊದಲ ಪಾಠಶಾಲೆ ಎಂದು ಗೋಡೆಯ ಮೇಲೆ ಬರೆಸುವವರು ಜೂನ್ ತಿಂಗಳಲ್ಲಿ ಒಮ್ಮೆ ವಸತಿ ಶಾಲೆಯ ಗೇಟಿನ ಹತ್ತಿರ ನಿಂತು ನೋಡಬೇಕು. ಕುಮಟಾ ಪೇಟೆ ದಾಟಿ ಹೊನ್ನಾವರದ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಗುಡ್ಡ ಹತ್ತುವ ಒಂದು ಕೆಂಪು ರಸ್ತೆ ಇದೆ. ಅದರ ತುದಿಯಲ್ಲಿ ಆ ಶಾಲೆ. ತರಗತಿಗಳು ಶುರುವಾಗುವ ವಾರ ಅಲ್ಲಿ ಅಳುವಿನ ಸಂತೆ ನೆರೆಯುತ್ತದೆ. ಐದನೇ ಕ್ಲಾಸಿಗೆ ಸೇರಿದ ಹುಡುಗಿಯರು ಅಮ್ಮನ ಸೆರಗು ಬಿಡುವುದಿಲ್ಲ, ಅಮ್ಮಂದಿರು ಮಗಳ ಟ್ರಂಕು ಬಿಡುವುದಿಲ್ಲ, ಅಪ್ಪಂದಿರು ಫೋನ್ ಬಂದವರಂತೆ ಕಾಂಪೌಂಡಿನ ಆಚೆ ಹೋಗಿ ಕಣ್ಣು ಒರೆಸಿಕೊಂಡು ಬರುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಆ ಸಂತೆಯನ್ನು ಚದುರಿಸುತ್ತ ಬಂದವಳು ಹುಡುಗಿಯರ ಹಾಸ್ಟೆಲಿನ ಮೇಲ್ವಿಚಾರಕಿ ವನಮಾಲಾ. ಮಕ್ಕಳ ಬಾಯಲ್ಲಿ ವನಮಾಲಕ್ಕ.

ಅವಳ ನಿಯಮ ಸರಳ. ಬಿಟ್ಟು ಹೋಗುವವರು ಗೇಟು ದಾಟಿದ ಮೇಲೆ ತಿರುಗಿ ನೋಡಬಾರದು.

"ನೀವು ಒಂದ್ಸಲ ತಿರುಗಿ ನೋಡಿದ್ರೆ ಅದು ತಿಂಗಳಿಡೀ ಗೇಟು ನೋಡ್ತಾ ಕೂತ್ಕಂತದೆ," ಎನ್ನುತ್ತಿದ್ದಳು ತಾಯಂದಿರಿಗೆ. "ಕಲ್ಲು ಮನಸ್ಸು ಮಾಡ್ಕಂಡು ಸೀದಾ ಹೋಗಿ. ಮುಂದಿನದು ನಾ ನೋಡ್ಕಂತೆ."

ಮುಂದಿನದನ್ನು ಅವಳು ನೋಡಿಕೊಳ್ಳುತ್ತಿದ್ದದ್ದೂ ನಿಜವೇ. ಮೊದಲ ತಿಂಗಳು ಫೋನ್ ಇಲ್ಲ. ಬಟ್ಟೆ ತಾನೇ ಒಗೆಯಬೇಕು, ಹಾಸಿಗೆ ತಾನೇ ಮಡಚಬೇಕು, ತಟ್ಟೆ ತಾನೇ ತೊಳೆಯಬೇಕು. ಊಟಕ್ಕೆ ಕೂತಾಗ ಯಾವಳಾದರೂ "ನಮ್ಮನೇಲಿ ಸಾರು ಹೀಗಿರೂದಿಲ್ಲ" ಎಂದು ಬಾಯಿ ತೆಗೆದರೆ ವನಮಾಲಾ ಅಲ್ಲಿಯೇ ತಡೆಯುತ್ತಿದ್ದಳು. ನಮ್ಮನೆ ಎಂಬ ಮಾತನ್ನು ತಿಂಗಳ ಮಟ್ಟಿಗೆ ಟ್ರಂಕಿನೊಳಗೆ ಇಟ್ಟು ಬೀಗ ಹಾಕಬೇಕು. ಹದಿನೈದು ದಿನ ಹೋದರೆ ಅಳು ನಿಲ್ಲುತ್ತಿತ್ತು. ದಸರಾ ರಜೆಗೆ ಕರೆದೊಯ್ಯಲು ಬಂದ ತಂದೆತಾಯಂದಿರು ಮಗಳು ತಾನೇ ಜಡೆ ಹಾಕಿಕೊಂಡು ತಾನೇ ಚೀಲ ತುಂಬಿಕೊಂಡು ನಿಂತದ್ದನ್ನು ಕಂಡು ಬೆರಗಾಗಿ ವನಮಾಲಾಗೆ ಕೈ ಮುಗಿಯುತ್ತಿದ್ದರು. ಅವಳು ಹಿಗ್ಗುತ್ತಿದ್ದಳು. ಯಾಕೆ ಹಿಗ್ಗಬಾರದು? ಅವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಆ ವಿದ್ಯೆಯನ್ನು ಅವಳು ಕಲಿತದ್ದೂ ಇದೇ ಗೇಟಿನೊಳಗೆ. ಭಟ್ಕಳ ತಾಲೂಕಿನ ಕಾಯ್ಕಿಣಿ ಅವಳ ತವರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಾಗಿರಲಿಲ್ಲ. ತವರಿನಲ್ಲಿ ಅಣ್ಣ ನಿತ್ಯಾನಂದ ಬೇಡ ಎನ್ನಲಿಲ್ಲ, ಆದರೆ ಬಾ ಎಂದೂ ಅನ್ನಲಿಲ್ಲ. ಯಾರೋ ಹೇಳಿದ ಕೆಲಸ ಹುಡುಕಿಕೊಂಡು ಬಂದವಳು ಮೊದಲ ವಾರ ಐದನೇ ಕ್ಲಾಸಿನ ಮಕ್ಕಳಿಗಿಂತ ಹೆಚ್ಚು ಅತ್ತಳು. ಆಗ ಇದ್ದ ಹಿರಿಯ ಮೇಲ್ವಿಚಾರಕಿ ನರ್ಮದಾಬಾಯಿ ಅವಳನ್ನು ಉಗ್ರಾಣಕ್ಕೆ ಕರೆದು ಹೇಳಿದ್ದರು, "ಹಿಂದೆ ನೋಡಿದ್ರೆ ಕುತ್ತಿಗೆ ನೋವು ಬರ್ತದೆ, ಮತ್ತೆಂತ ಸಿಗೂದಿಲ್ಲ. ಇನ್ನೊಂದು ಕೇಳು. ಇಲ್ಲಿ ಎಲ್ಲಾ ಮಕ್ಕಳಿಗೂ ಅಕ್ಕ ಆಗು, ಒಂದಕ್ಕೂ ತಾಯಿ ಆಗಬೇಡ. ಆದ್ಯೋ, ಅದು ಹೋದ ದಿನ ನೀ ಸಾಯ್ತೆ."

ವನಮಾಲಾ ಆ ಮಾತನ್ನು ಒಂದೇ ಒಂದು ಸಲ ಮೀರಿದ್ದಳು.

ಅವಳು ಬಂದು ಮೂರನೆಯ ವರ್ಷದ ಗಣೇಶ ಚವತಿಯ ರಜೆ. ಹಾಸ್ಟೆಲ್ ಖಾಲಿ. ಉಳಿದದ್ದು ಹನ್ನೊಂದು ವರ್ಷದ ಶ್ರೀಗೌರಿ ಒಬ್ಬಳೇ. ಹೊನ್ನಾವರದ ಘಟ್ಟದ ಬುಡದ ತೋಟದ ಮನೆತನ, ಆದರೆ ಅಪ್ಪ ಆಯಿ ಇಬ್ಬರೂ ಬ್ಯಾಂಕಿನಲ್ಲಿ. ವರ್ಗವಾಗಿ ಒಬ್ಬರು ಗುಜರಾತಿನಲ್ಲಿ, ಇನ್ನೊಬ್ಬರು ಒಡಿಶಾದಲ್ಲಿ. ಆಯಿ ಬರುತ್ತೇನೆ ಎಂದವಳು ಕೊನೆಯ ಗಳಿಗೆಯಲ್ಲಿ ರಜೆ ಸಿಗಲಿಲ್ಲವೆಂದಳು. ಮರುದಿನವೇ ಹುಡುಗಿಗೆ ಜ್ವರ ಏರಿತು. ಟೈಫಾಯ್ಡ್ ಎಂದರು ಡಾಕ್ಟರು. ವನಮಾಲಾ ಕಾಯ್ಕಿಣಿಗೆ ಹೋಗುವುದನ್ನು ಬಿಟ್ಟು ಮಂಚದ ಪಕ್ಕ ಕೂತಳು. ಹೊರಗೆ ಮಳೆ, ಎಲ್ಲೋ ಕೆಳಗಿನ ಕೇರಿಯಲ್ಲಿ ಚವತಿಯ ಪಟಾಕಿ. ಒಂದು ಮಧ್ಯಾಹ್ನ ಹುಡುಗಿ ಕಣ್ಣು ಮುಚ್ಚಿಕೊಂಡೇ "ಆಯೀ" ಎಂದಳು.

ವನಮಾಲಾ ಹೊದಿಕೆ ಸರಿಪಡಿಸಿದಳು.

"ಆಯೀ... ಬಂದ್ಯಾ?"

"ಓ," ಎಂದಳು ವನಮಾಲಾ. "ಬಂದೆ ಮಗಾ."

ಆಮೇಲೆ ಆ ಹುಡುಗಿ ಕರೆದಾಗಲೆಲ್ಲ ಓ ಎಂದಳು. ಒದ್ದೆ ಬಟ್ಟೆ ಹಣೆಗೆ ಹಾಕಿದಳು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಗಂಜಿಯ ತಿಳಿಯನ್ನು ಚಮಚದಲ್ಲಿ ಬಾಯಿಗೆ ಬಿಟ್ಟಳು. ಬದುಕಿನಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಹುಡುಗಿಗೆ ಬೇಗ ಗುಣವಾಗಲಿ ಎಂದು ದೇವರಿಗೆ ಹರಕೆ ಹೇಳಿಕೊಳ್ಳುತ್ತಲೇ, ಇನ್ನೊಂದು ದಿನ ಹೀಗೇ ಇರಲಿ ಎಂದೂ ಅವಳ ಮನಸ್ಸು ಬೇಡಿತು. ಬೇಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಜ್ವರ ಬಿಟ್ಟ ಬೆಳಿಗ್ಗೆ ಶ್ರೀಗೌರಿ ಎದ್ದು ಕೂತು ಸುತ್ತ ನೋಡಿದಳು. "ಅಕ್ಕಾ, ನಮ್ಮ ಆಯಿ ಬಂದಿದ್ಲಲ್ದ? ನನ್ನ ಹತ್ರ ಕೂತಿದ್ಲು."

ನರ್ಮದಾಬಾಯಿಯ ಮಾತು ವನಮಾಲಾಗೆ ನೆನಪಾಯಿತು. ನಾನೇ ಕೂತಿದ್ದೆ ಎಂದರೆ ನಾಳೆಯಿಂದ ಈ ಹುಡುಗಿ ತನ್ನ ಸೆರಗು ಬಿಡುವುದಿಲ್ಲ. ತಾನೂ ಇವಳನ್ನು ಬಿಡುವುದಿಲ್ಲ.

"ಯಾರೂ ಬರ್ಲಿಲ್ಲ," ಎಂದಳು. "ಕನಸು ಕಂಡ್ಯನೋ. ಏಳು, ಮುಖ ತೊಳಿ."

ಶ್ರೀಗೌರಿ ಎದ್ದು ಮುಖ ತೊಳೆದಳು. ಅಂದಿನಿಂದ ಆ ಹುಡುಗಿ ಅತ್ತದ್ದನ್ನು ಯಾರೂ ನೋಡಲಿಲ್ಲ. ಹತ್ತನೇ ಕ್ಲಾಸು ಮುಗಿಸಿ ಹೋದ ದಿನ ಗೇಟು ದಾಟಿದವಳು ತಿರುಗಿಯೂ ನೋಡಲಿಲ್ಲ. ಬಂದವರಿಗೆಲ್ಲ ವನಮಾಲಾ ಹೇಳುತ್ತಿದ್ದಳು, ಗಟ್ಟಿ ಹುಡುಗಿ ಎಂದರೆ ಶ್ರೀಗೌರಿ, ಅವಳ ಹಾಗೆ ಇರಬೇಕು ಎಂದು. ಹೇಳಿ ಒಳಗೆ ಹೋಗಿ ಸುಮ್ಮನೆ ಆ ಮಂಚದ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದಳು.

ಈ ಮಾರ್ಚಿಗೆ ವನಮಾಲಾ ನಿವೃತ್ತಳಾಗಬೇಕು. ಹಾಸ್ಟೆಲಿನ ಮೂಲೆಯ ಕೋಣೆ ಬಿಟ್ಟು ಕಾಯ್ಕಿಣಿಗೆ ಹೋಗುವುದೆಂದು ಆಗಿದೆ. ಅಣ್ಣನ ಮನೆಯವರು ಹಿಂದಿನ ಜಗಲಿಗೆ ಗೋಡೆ ಕಟ್ಟಿಸಿ ಒಂದು ಕೋಣೆ ಮಾಡಿಕೊಟ್ಟಿದ್ದಾರೆ. ಅಲ್ಲಿಗೆ ಎರಡು ಸಲ ಹೋಗಿ ಬಂದಳು. ಎಲ್ಲರೂ ಒಳ್ಳೆಯವರೇ. ಆದರೆ ಅವಳು ಎಲೆಯ ಮುಂದೆ ಕೂತರೆ ಮನೆಯ ಮಕ್ಕಳು ಮಾತು ನಿಲ್ಲಿಸುತ್ತಿದ್ದವು, ನೆಂಟರು ಬಂದಾಗ ನಿಲ್ಲಿಸುವ ಹಾಗೆ.

ಹೋಗುವ ಮೊದಲು ಅವಳಿಗೆ ಇದ್ದದ್ದು ಒಂದೇ ಆಸೆ. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ತಾನು ಸಾಕಿ ಕಳಿಸಿದ ಇಷ್ಟು ಹುಡುಗಿಯರಲ್ಲಿ ಒಬ್ಬಳಾದರೂ, ಅದರಲ್ಲೂ ಆ ಒಬ್ಬಳು, ತನ್ನನ್ನು ನೆನೆಯುತ್ತಾಳೆಯೇ ಎಂದು ತಿಳಿಯಬೇಕಿತ್ತು.

ತಿಳಿಯುವ ದಿನ ಜನವರಿಯಲ್ಲಿ ಬಂತು. ಹೊಸ ಪ್ರಿನ್ಸಿಪಾಲರು ದಿವಾಕರ ಸರ್. ಉತ್ಸಾಹದ ಮನುಷ್ಯ, ಒಳ್ಳೆಯ ಮನುಷ್ಯ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜಾತಿ. ಮುಂದಿನ ಕಾಲದ ಸವಾಲುಗಳಿಗೆ ವಸತಿ ಶಾಲೆ ಹೇಗೆ ಸಿದ್ಧವಾಗಬೇಕು ಎಂಬ ಬಗ್ಗೆ ಒಂದು ದಿನದ ಸಭೆ ಇಟ್ಟರು. ಪಾಲಕರು ಬಂದರು, ಹಳೆಯ ವಿದ್ಯಾರ್ಥಿಗಳೂ ಬಂದರು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೆ ಏನು ಮಾಡುವುದು, ಯಂತ್ರಗಳೇ ಪಾಠ ಹೇಳುವ ಕಾಲಕ್ಕೆ ಮೇಷ್ಟರ ಕೆಲಸ ಏನು, ಮಕ್ಕಳಿಗೆ ವಾರಕ್ಕೆಷ್ಟು ವಿಡಿಯೋ ಕಾಲ್ ಕೊಡಬೇಕು, ಎಲ್ಲ ಚರ್ಚೆಯಾಯಿತು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳು ಬಂದು ಹೋದವು. ವನಮಾಲಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಯಾವ ಚಿತ್ರವೂ ಅವಳ ತಲೆಗೆ ಹೋಗಲಿಲ್ಲ. ಶ್ರೀಗೌರಿ ಬಂದಿದ್ದಳು.

ಪುಣೆಯಲ್ಲಿ ಮಳೆ ಗಾಳಿಯ ಮುನ್ಸೂಚನೆ ಹೇಳುವ ಕಚೇರಿಯಲ್ಲಿ ದೊಡ್ಡ ಕೆಲಸವಂತೆ. ಕೂದಲು ಗಿಡ್ಡ, ಕನ್ನಡಕ, ಮುಖ ಮಾತ್ರ ಅದೇ. ಬೆಳಿಗ್ಗೆ ಎದುರಾದಾಗ "ವನಮಾಲಕ್ಕ, ಆರಾಮಿದ್ರಾ?" ಎಂದು ಕೇಳಿದಳು, ಬ್ಯಾಂಕಿನಲ್ಲಿ ಪರಿಚಯದವರನ್ನು ಕೇಳುವಷ್ಟೇ ಮರ್ಯಾದೆಯಿಂದ. ವನಮಾಲಾ "ಹೂಂ, ಆರಾಮು" ಎಂದಳು. ಹೇಳಬೇಕೆಂದು ರಾತ್ರಿಯೆಲ್ಲ ಕೂಡಿಸಿಟ್ಟ ಮಾತು ಬಿಟ್ಟು, ತಿಂಡಿ ಎಲ್ಲಿ ಇಟ್ಟಿದೆ ಎಂದು ಕೈ ತೋರಿಸಿದಳು.

ಮಧ್ಯಾಹ್ನ ದಿವಾಕರ ಸರ್ ಶ್ರೀಗೌರಿಯನ್ನು ವೇದಿಕೆಗೆ ಕರೆದು ಕೇಳಿದರು, "ಬದುಕಿನ ಸವಾಲು ಎದುರಿಸಲು ಈ ಹಾಸ್ಟೆಲ್ ನಿಮಗೆ ಏನು ಕೊಟ್ಟಿತು?"

ಅವಳು ಸ್ವಲ್ಪ ಯೋಚಿಸಿ ನಕ್ಕಳು. "ಬಟ್ಟೆ ಒಗೆಯೋದು ಕಲಿಸ್ತು. ಯಾವ ಊರಿಗೆ ಹೋದರೂ ಹೆದರದೇ ಇರೋದು ಕಲಿಸ್ತು. ನಾಲ್ಕು ಊರು ಬದಲಿಸಿದೀನಿ, ಒಂದನ್ನೂ ನೆನೆಸಿಕೊಂಡು ಅತ್ತಿಲ್ಲ." ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯಲಿ ಎಂದು ಕಾದು ಅವಳು ಮುಂದುವರಿಸಿದಳು. "ಹೋದ ವರ್ಷ ನನ್ನ ಆಯಿ ತೀರಿಕೊಂಡಳು. ಆಗಲೂ ಅಳು ಬರಲಿಲ್ಲ. ನನ್ನ ಮಗಳಿಗೆ ನಾಲ್ಕು ವರ್ಷ. ಅವಳು ಅತ್ತರೆ ನಾನು ಪಕ್ಕದಲ್ಲಿ ನಿಂತು ನೋಡ್ತೀನಿ, ಏನು ಮಾಡಬೇಕು ಅಂತ ತಿಳಿಯೋದಿಲ್ಲ. ಒಂದು ಚವತಿಗೆ ಇಲ್ಲಿ ನನಗೆ ಜ್ವರ ಬಂದಿತ್ತು. ಆಯಿ ಬಂದು ತೊಡೆ ಮೇಲೆ ಮಲಗಿಸಿಕೊಂಡ ಹಾಗೆ ಅನ್ನಿಸಿತ್ತು. ಎದ್ದು ಕೇಳಿದೆ. ಯಾರೂ ಬಂದಿಲ್ಲ ಅಂದರು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಯಾರನ್ನೂ ಕಾಯೋದಿಲ್ಲ ಅಂತ. ಯಾರದ್ದೂ ತಪ್ಪಲ್ಲ. ಆದರೆ ಸರ್, ಮುಂದಿನ ಕಾಲಕ್ಕೆ ಮಕ್ಕಳನ್ನ ತಯಾರು ಮಾಡೋದಾದರೆ, ಒಬ್ಬರೇ ಇರೋದನ್ನ ಮಾತ್ರ ಕಲಿಸಬೇಡಿ. ಅದು ತಾನಾಗಿಯೇ ಬರ್ತದೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಇಪ್ಪತ್ತಮೂರು ವರ್ಷ ವನಮಾಲಾ ಹುಡುಕಿದ ನೆನಪು ಶ್ರೀಗೌರಿಯ ಮನಸ್ಸಿನಲ್ಲಿ ಅಷ್ಟೂ ದಿನ ಇತ್ತು, ಆಯಿಯ ಹೆಸರಿನಲ್ಲಿ. ಅದನ್ನು ಸುಳ್ಳು ಎಂದು ಹೇಳಿ ಕಿತ್ತುಕೊಂಡವಳೂ ತಾನೇ. ಅವಮಾನಕ್ಕಿಂತ ಹೆಚ್ಚಾಗಿ ಅವಳಿಗೆ ಸಂಕಟವಾಯಿತು. ಗಟ್ಟಿ ಹುಡುಗಿ ಗಟ್ಟಿ ಹುಡುಗಿ ಎಂದು ಊರಿಗೆಲ್ಲ ಸಾರಿದ್ದು ಇದನ್ನೇ ಏನು ಎಂದು ಅಲ್ಲಿಯೇ ಕಣ್ಣು ತುಂಬಿತು. ಮುಖ ಮರೆಮಾಡಲು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು.

ಸಂಜೆಯ ರೈಲಿಗೆ ಶ್ರೀಗೌರಿ ಹೊರಟಳು. ಗೇಟಿನ ಹತ್ತಿರ ಕುಮಟಾ ಸ್ಟೇಷನ್ನಿಗೆ ಹೋಗುವ ರಿಕ್ಷಾ ನಿಂತಿತ್ತು. ವಾಚ್‌ಮನ್ ಮಾದೇವ ಗೇಟು ತೆರೆದ. ವನಮಾಲಾ ಎಂದಿನಂತೆ ಕಂಬದ ಪಕ್ಕ ನಿಂತಳು. ಅಂದು ಹೋದಂತೆಯೇ ಶ್ರೀಗೌರಿ "ಬರ್ತೀನಿ ಅಕ್ಕ" ಎಂದು ಗೇಟು ದಾಟಿ ಸೀದಾ ನಡೆದಳು. ಕಲಿಸಿದ ಪಾಠ ಚೆನ್ನಾಗಿಯೇ ನೆನಪಿತ್ತು ಅವಳಿಗೆ.

"ಶ್ರೀಗೌರೀ," ಎಂದಳು ವನಮಾಲಾ. ಅವಳಿಗೆ ಕೇಳಲಿಲ್ಲ. ಮತ್ತೊಮ್ಮೆ ಜೋರಾಗಿ ಕೂಗಿದಳು. "ಶ್ರೀಗೌರೀ! ಹಿಂದೆ ತಿರುಗಿ ನೋಡೇ!"

ಮಾದೇವ ಬೆಚ್ಚಿಬಿದ್ದ. ಈ ಗೇಟಿನಲ್ಲಿ ಅಂಥ ಮಾತನ್ನು ಅವನು ಕೇಳಿರಲೇ ಇಲ್ಲ. ಶ್ರೀಗೌರಿ ರಿಕ್ಷಾದ ಕಂಬಿ ಹಿಡಿದವಳು ಹಾಗೇ ತಿರುಗಿದಳು.

"ಆ ಚವತಿಗೆ ನೀ ಆಯೀ ಅಂತ ಕರ್ದಾಗ ಓ ಅಂದದ್ದು ನಾನು," ಎಂದಳು ವನಮಾಲಾ. "ಕನಸಲ್ಲ ಅದು. ನನ್ನ ತೊಡೆ ಮೇಲೇ ಮಲಗಿದ್ದೆ ನೀನು. ನಾ ಸುಳ್ಳು ಹೇಳ್ದೆ."

ಶ್ರೀಗೌರಿ ಕಂಬಿ ಬಿಟ್ಟಳು. "ಎಂತಕೆ?"

"ಹೇಳಿದ್ರೆ ನೀ ನನ್ನ ಬಿಡ್ತಿರ್ಲಿಲ್ಲ."

"ಹೌದು," ಎಂದಳು ಶ್ರೀಗೌರಿ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. "ಬಿಡ್ತಿರ್ಲಿಲ್ಲ."

ಇಬ್ಬರ ನಡುವೆ ಗೇಟಿತ್ತು, ಅದು ತೆರೆದೇ ಇತ್ತು. ಯಾರೂ ಹೆಜ್ಜೆ ಮುಂದಿಡಲಿಲ್ಲ. ಮುಂದೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅದನ್ನು ಇಬ್ಬರೂ ಕಲಿತಿರಲಿಲ್ಲ. ರೈಲಿಗೆ ಹೊತ್ತಾಯಿತೆಂದು ರಿಕ್ಷಾದವನು ಹಾರ್ನ್ ಹೊಡೆದ. ಶ್ರೀಗೌರಿ ಹತ್ತಿ ಕೂತಳು. ಕೂತು, ತನ್ನ ಮನೆಯೊಳಗೆ ಆಡುವ ಮಾತಿನಲ್ಲಿ, ಜ್ವರದಲ್ಲಿ ಆಡಿದ್ದ ಅದೇ ಮಾತಿನಲ್ಲಿ, "ಬತ್ತೆ" ಎಂದಳು.

"ಆತು," ಎಂದಳು ವನಮಾಲಾ.

ರಿಕ್ಷಾ ಇಳಿಜಾರಿನಲ್ಲಿ ಹೋಗುತ್ತಿದ್ದಾಗ ಪಕ್ಕದಿಂದ ಮುಖ ಹೊರಗೆ ಬಂತು. ತಿರುವಿನವರೆಗೂ ಅದು ಇತ್ತ ಕಡೆಗೇ ಇತ್ತು. ವನಮಾಲಾ ನೋಡುತ್ತ ನಿಂತಳು, ಆ ಮುಖ ಚಿಕ್ಕದಾಗುತ್ತ ಹೋಯಿತು, ಆಮೇಲೆ ಬರೀ ಕೆಂಪು ಧೂಳು. ತಿರುಗಿ ನೋಡುವವರನ್ನು ಕಳಿಸಿಕೊಡುವುದು ಇಷ್ಟು ಕಷ್ಟವೆಂದು ಅವಳಿಗೆ ಆಗಲೇ ಗೊತ್ತಾದದ್ದು. ಆ ನಿಯಮ ಮಕ್ಕಳಿಗಾಗಿ ಇರಲಿಲ್ಲ, ಗೇಟಿನಲ್ಲಿ ಉಳಿಯುವವಳಿಗಾಗಿ ಇತ್ತು.

ಒಳಗೆ ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯಿತು. ಅವಳು ಕದಲಲಿಲ್ಲ.

"ಯಾರ್ರಾ ಅಕ್ಕ ಅದು?" ಮಾದೇವ ಮೆಲ್ಲಗೆ ಕೇಳಿದ. ಅವನು ಕೆಲಸಕ್ಕೆ ಬಂದು ಐದಾರು ವರ್ಷವಾಗಿತ್ತಷ್ಟೇ.

ವನಮಾಲಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮನೆ ಹುಡುಗಿ," ಎಂದಳು.

ಮಾದೇವ ತಲೆಯಾಡಿಸಿ ಗೇಟಿಗೆ ಕೈ ಹಾಕಿದವನು, ಅವಳು ಇನ್ನೂ ರಸ್ತೆ ನೋಡುತ್ತಿರುವುದನ್ನು ಕಂಡು, ಹಾಗೇ ತೆರೆದಿಟ್ಟು ಆಚೆ ಹೋದ.