ಹೀರಾಮಣಿ ಹೊಂದಿಸಿದ ಪ್ರವಾಸ

ಮಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಯಾರಿಗೆ ಏನು ಹೊಂದಿಸಬೇಕಾದರೂ ಹೀರಾಮಣಿಯನ್ನೇ ಕರೆಯುತ್ತಿದ್ದರು. ಮದುವೆಗೆ ಬಂದ ನೆಂಟರನ್ನು ಯಾರ ಮನೆಯಲ್ಲಿ ಮಲಗಿಸುವುದು, ಮುನಿಸಿಕೊಂಡು ಕೂತ ಸೋದರತ್ತೆಯನ್ನು ಊಟಕ್ಕೆ ಹೇಗೆ ಎಬ್ಬಿಸುವುದು, ಇಂಥವೆಲ್ಲ ಅವಳಿಗೆ ಸಲೀಸು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳು ನನ್ನನ್ನು ಚಾಚಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು.

ಅವಳ ಅಪ್ಪ ಕುಲ್ಲೂ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದವರು. ಹುಡುಗಿ ಇನ್ನೂ ಸಣ್ಣ ಶಾಲೆಯಲ್ಲಿರುವಾಗಲೇ ಕಾಮಾಲೆಯಾಗಿ ತೀರಿಕೊಂಡರು. ಹತ್ತು ವರ್ಷ ದೊಡ್ಡವನಾದ ಅಣ್ಣ ಖೇಮ್‌ಚಂದ್ ಓದು ಬಿಟ್ಟು ಸ್ಟೀರಿಂಗ್ ಹಿಡಿದ. ತಾಯಿ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ತಂಗಿಗೆ ಜಡೆ ಹೆಣೆಯುವುದೂ ಅವನದೇ ಪಾಲು. ಜಡೆ ಒಂದು ಕಡೆಗೆ ವಾಲಿರುತ್ತಿತ್ತು. ಬಾ, ಬಿಚ್ಚಿ ಸರಿಯಾಗಿ ಹಾಕ್ತೀನಿ ಅಂತ ನಾನು ಕರೆದರೆ ಅವಳು ತಲೆ ಮುಟ್ಟಲೂ ಬಿಡುತ್ತಿರಲಿಲ್ಲ. "ಭಾಯಿ ಹಾಕಿದ್ದು" ಅನ್ನುತ್ತಿದ್ದಳು, ಅಷ್ಟಕ್ಕೆ ಮಾತು ಮುಗಿಯಿತು ಅನ್ನುವ ಹಾಗೆ. ಮುಂದೆ ಅವನು ಸಾಲವೋ ಸೋಲವೋ ಮಾಡಿ ಹಳೆಯದೊಂದು ಟೆಂಪೋ ಕೊಂಡ, ಪ್ರವಾಸಿಗರನ್ನು ಮನಾಲಿಗೆ ಕರೆದೊಯ್ಯತೊಡಗಿದ. ತಂಗಿಯ ಮದುವೆಯಾಗದೆ ತನ್ನ ಮದುವೆಯ ಮಾತು ಎತ್ತಬೇಡಿ ಎಂದು ತಾಯಿಗೆ ಹೇಳಿಬಿಟ್ಟಿದ್ದ.

ಹೀರಾಮಣಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಅವಳ ಜೊತೆಯ ನಾಲ್ವರು ಹುಡುಗಿಯರಿಗೆ ಒಂದು ಹುಚ್ಚು ಹಿಡಿಯಿತು. ಪರೀಕ್ಷೆ ಮುಗಿದ ಮೇಲೆ, ಮನೆಯವರು ಯಾರೂ ಇಲ್ಲದೆ, ತಾವೈವರೇ ಎಲ್ಲಿಗಾದರೂ ಹೋಗಿ ಬರಬೇಕು. ದಿನಾ ಸಂಜೆ ಗಡಿಯಾರದ ಗೋಪುರ ಘಂಟಾಘರದ ಕೆಳಗಿನ ತೋಟದಲ್ಲಿ ಕೂತು ಚರ್ಚೆ. ಬಟ್ಟೆ ಅಂಗಡಿ ದೀನಾನಾಥರ ಮಗಳು ರಕ್ಷಾಗೆ ಮನಾಲಿಯೇ ಆಗಬೇಕು. ಹಿಮದಲ್ಲಿ ಫೋಟೋ ತೆಗೆಸಿಕೊಳ್ಳಬೇಕು.

"ಮನಾಲೀಲಿ ಅರ್ಧ ಮಂಡಿ ಇರತ್ತೆ ಕಣೇ," ಎಂದಳು ಹೀರಾಮಣಿ. "ನೀನು ಹಿಮದ ಉಂಡೆ ಎಸೀತೀಯ, ಅದು ಹೋಗಿ ನಿಮ್ಮ ಮಾವನ ಮೂಗಿಗೇ ಬೀಳತ್ತೆ."

"ಮತ್ತೆಲ್ಲಿಗೆ? ನಿಮ್ಮ ಮನೆ ಹಿತ್ತಿಲಿಗಾ?"

"ತೀರ್ಥನ್ ಕಣಿವೆಗೆ."

ಚಿಕ್ಕಂದಿನಲ್ಲಿ ಒಂದು ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಕಣಿವೆಯನ್ನು ಅವಳು ನೋಡಿದ್ದಳು. ದೇವದಾರು ಮರಗಳು, ಅಡಿಯಲ್ಲಿ ಹಸಿರು ನೀರು, ನೀರಿನ ನಡುವೆ ಅಗಲವಾದ ಬಂಡೆಗಳು, ಮತ್ತೆ ಒಂದು ನರಪಿಳ್ಳೆ ಇಲ್ಲ. ನಮ್ಮ ಊರಲ್ಲಿ ಹುಡುಗಿ ಜೋರಾಗಿ ನಕ್ಕರೆ ಮೂರು ಕಿಟಕಿ ತೆರೆಯುತ್ತವೆ. ಅಲ್ಲಿ ಕಾಲು ನೀರಿಗೆ ಬಿಟ್ಟು ಕೂತರೆ ಯಾರೂ ನೋಡುವವರಿಲ್ಲ ಎಂದು ಅವಳು ಹೇಳಿದ್ದೇ ತಡ, ಎಲ್ಲರೂ ಒಪ್ಪಿದರು.

ಇನ್ನು ಅಪ್ಪಂದಿರನ್ನು ಒಪ್ಪಿಸಬೇಕಿತ್ತು. ಅದನ್ನೂ ಅವಳೇ ಹೆಗಲಿಗೆ ಹಾಕಿಕೊಂಡಳು. ಆ ಕಣಿವೆಯ ಗುಶೈನಿಯಲ್ಲಿ ವಿಧವೆಯೊಬ್ಬಳು ತನ್ನ ಮನೆಯ ಮೇಲಟ್ಟ ಬಾಡಿಗೆಗೆ ಕೊಡುತ್ತಾಳೆಂದು ಅಣ್ಣನಿಂದ ಗೊತ್ತಾಗಿತ್ತು. ಹೋಟೆಲಲ್ಲ, ಹೆಂಗಸಿನ ಮನೆ. ಅದೇ ಅವಳ ದೊಡ್ಡ ಅಸ್ತ್ರ. ಒಂದೊಂದು ಮನೆಗೂ ಹೋಗಿ, ಚಹಾ ಕುಡಿದು, ಅಜ್ಜಿಯರ ಮಂಡಿನೋವು ವಿಚಾರಿಸಿ, ಕೊನೆಗೆ ವಿಷಯ ತೆಗೆಯುತ್ತಿದ್ದಳು. ದೀನಾನಾಥರ ಅಂಗಡಿಗೆ ಹೋದ ದಿನ ನಾನೂ ರವಿಕೆ ಬಟ್ಟೆ ನೋಡುತ್ತಾ ಅಲ್ಲೇ ಕೂತಿದ್ದೆ.

"ಹುಡುಗರು ಯಾರ್ಯಾರು ಬರ್ತಾರೆ?" ಎಂದರು ದೀನಾನಾಥರು, ಬಟ್ಟೆ ಮಡಿಸುತ್ತಾ.

"ಯಾರೂ ಇಲ್ಲ ಚಾಚಾಜೀ. ಖೇಮ್ ಭಾಯಿ ಒಬ್ಬನೇ. ಗಾಡಿ ಅವನದೇ, ಓಡಿಸೋನೂ ಅವನೇ."

"ಖೇಮೂನಾ? ಅವನು ಹುಡುಗರ ಲೆಕ್ಕಕ್ಕೆ ಬರಲ್ಲ ಬಿಡು. ಅವನು ಹುಟ್ಟಿದಾಗಲೇ ಮುದುಕ." ಬಟ್ಟೆ ಪಕ್ಕಕ್ಕಿಟ್ಟು ಅವಳ ಮುಖ ನೋಡಿದರು. "ನೋಡು ಹೀರಾ, ರಕ್ಷಾನ ನಂಬಿ ಕಳಿಸ್ತಿಲ್ಲ. ಅವಳಿಗೆ ಬುದ್ಧಿ ಇಲ್ಲ. ನಿನ್ನನ್ನ, ನಿಮ್ಮ ಅಣ್ಣನ್ನ ನಂಬಿ ಕಳಿಸ್ತಿದೀನಿ."

ಉಳಿದ ಮೂರು ಮನೆಯಲ್ಲೂ ಸುಮಾರಾಗಿ ಇದೇ ಮಾತು.

ಆ ಚಳಿಗಾಲದಲ್ಲೇ ಹೀರಾಮಣಿಗೆ ಸಗಾಯಿ ಆಗಿ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಸುಂದರನಗರದವರು. ಹುಡುಗ ಬದ್ದಿಯಲ್ಲಿ ಯಾವುದೋ ಔಷಧಿ ಕಾರ್ಖಾನೆಯಲ್ಲಿದ್ದ. ಎರಡು ಸಲ ಬಂದು ಮಾತಾಡಿಸಿ ಹೋಗಿದ್ದ, ಒಳ್ಳೆಯ ಹುಡುಗನಂತೆಯೇ ಕಂಡಿದ್ದ. ದೀಪಾವಳಿ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಹೊರಡಲು ಎರಡು ದಿನ ಇರುವಾಗ ಹುಡುಗನ ತಾಯಿಯಿಂದ ಫೋನು ಬಂತು. ಮಾತಾಡಿದ್ದು ಹೀರಾಮಣಿಯ ತಾಯಿ. ಆಮೇಲೆ ನನ್ನ ಮುಂದೆ ಅದನ್ನು ಅಕ್ಷರ ಬಿಡದೆ ಹೇಳಿಕೊಂಡಳು.

"ನಾವು ಬೇಡ ಅನ್ನಲ್ಲ ಸಮಧನ್‌ಜೀ," ಎಂದಿದ್ದಳಂತೆ ಬೀಗಿತ್ತಿ. "ನಮ್ಮ ಕಡೆ ಸಗಾಯಿ ಆದ ಹೆಣ್ಣುಮಕ್ಕಳು ಹೀಗೆ ಹೊರಗೆ ರಾತ್ರಿ ಉಳಿಯಲ್ಲ, ಅಷ್ಟೇ. ಹೇಳಬೇಕು ಅನ್ನಿಸ್ತು, ಹೇಳಿದೆ. ಇನ್ನು ನಿಮ್ಮಿಷ್ಟ."

ಖೇಮ್‌ಚಂದ್ ಮನೆಗೆ ಬಂದಾಗ ತಂಗಿ ಅಡಿಗೆಮನೆಯಲ್ಲಿ ದಾರಿಗೆಂದು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಗೋಡೆಯ ಈಚೆಗೆ ನನಗೆ ಎಲ್ಲ ಕೇಳಿಸುತ್ತಿತ್ತು.

"ಹೀರಾ, ನೀನು ಈ ಸಲ ಬೇಡ ಬಿಡು."

"ನೀನು ಜೊತೇಲಿರ್ತೀಯಲ್ಲ ಭಾಯಿ. ಅದನ್ನ ಅವರಿಗೆ ಹೇಳಿದ್ರಾ?"

"ಗೊತ್ತು ಅವರಿಗೆ."

"ಅವರು ಬೇಡ ಅಂದ್ರಾ?"

"ಅನ್ಲಿಲ್ಲ. ಬೇಡ ಅಂದಿದ್ರೆ ಜಗಳನಾದ್ರೂ ಆಡಬಹುದಿತ್ತು."

ಜರಡಿಯ ಸದ್ದು ನಿಂತಿತು. "ನಿನಗೇನನ್ಸತ್ತೆ? ಅವರು ಬಿಡು. ನಿನಗೆ?"

ಅವನು ಉತ್ತರ ಕೊಡಲಿಲ್ಲ. ಅವಳಿಗೆ ಅಳು ಬಂದದ್ದು ಆಗ. ಬೀಗಿತ್ತಿಯ ಮಾತಿಗಲ್ಲ, ಅಣ್ಣ ಸುಮ್ಮನಿದ್ದುದಕ್ಕೆ.

"ಎಲ್ಲಾರಿಗೂ ಹೇಳಿಬಿಡ್ತೀನಿ, ಗಾಡಿ ಕೆಟ್ಟಿದೆ ಅಂತ," ಎಂದ ಅವನು ಕೊನೆಗೆ. "ಯಾರೂ ಹೋಗೋದು ಬೇಡ."

"ಬೇಡ. ಕರ್ಕೊಂಡು ಹೋಗು. ನೀನು ಹೋಗದಿದ್ರೆ ಅವರಪ್ಪಂದಿರು ಬೇರೆ ಯಾರ ಜೊತೇನೂ ಕಳಿಸಲ್ಲ. ರಕ್ಷಾ ಇನ್ನೊಂದು ವರ್ಷ ಈ ಊರಲ್ಲಿರ್ತಾಳೋ ಇಲ್ವೋ."

"ನಿನ್ನ ಬಿಟ್ಟು ಹೇಗೆ ಹೋಗಲಿ ಹೀರಾ?"

"ಬಿಟ್ಟಾಯ್ತಲ್ಲ," ಎಂದಳು ಅವಳು, ಮತ್ತೆ ಜರಡಿ ಆಡಿಸಿದಳು.

ಹೊರಡುವ ದಿನ ಬೆಳಿಗ್ಗೆ ನಾಲ್ವರೂ ನಮ್ಮ ಓಣಿಯ ಬಾಯಿಗೆ ಬಂದರು. ಹೀರಾಮಣಿ ನೆಪ ಹೇಳಲಿಲ್ಲ, ಇದ್ದದ್ದನ್ನೇ ಹೇಳಿದಳು. ರಕ್ಷಾ ಚೀಲ ಕೆಳಗಿಟ್ಟು, "ಹಾಗಾದ್ರೆ ನಾವೂ ಹೋಗಲ್ಲ" ಎಂದಳು. ಹೀರಾಮಣಿ ಹೋಗಿ ಅಂದಳು. ರಕ್ಷಾ ಇನ್ನೊಂದು ಸಲ ಅದನ್ನೇ ಹೇಳಿದಳು. ಇವಳು ಇನ್ನೊಂದು ಸಲ ಹೋಗಿ ಅಂದಳು. ಮೂರನೆಯ ಸಲಕ್ಕೆ ರಕ್ಷಾ ಚೀಲ ಎತ್ತಿಕೊಂಡಳು. ವಿಪಾಶಾ ಅನ್ನುವ ಹುಡುಗಿ ಆಗಲೇ ಕಿಟಕಿಯ ಪಕ್ಕದ ಜಾಗ ಹಿಡಿದಿದ್ದಳು. ಹೀರಾಮಣಿ ಪರಾಠೆಗಳ ಡಬ್ಬಿ, ಉಪ್ಪಿನಕಾಯಿ ಎಲ್ಲ ಒಳಗಿಟ್ಟು, ವಿಪಾಶಾಗೆ ತಿರುವು ರಸ್ತೆಯಲ್ಲಿ ವಾಂತಿಯಾಗುತ್ತದೆಂದು ನಿಂಬೆಹಣ್ಣು ಕೊಟ್ಟಳು. ಖೇಮ್‌ಚಂದ್ ಮುಂದಿನ ಗಾಜನ್ನು ಒರೆಸಿದ್ದೇ ಒರೆಸಿದ್ದು. ಗಾಡಿ ಹೋದ ಮೇಲೆ ಅವಳು ನಮ್ಮ ಮನೆಗೆ ಬಂದು, "ಚಾಚಿ, ಇವತ್ತು ಬಡಿ ಹಾಕಿ ಒಣಗಿಸೋದಿತ್ತಲ್ಲ, ಬೇಳೆ ರುಬ್ಬಿಕೊಡ್ತೀನಿ" ಎಂದಳು. ಮಧ್ಯಾಹ್ನದವರೆಗೆ ರುಬ್ಬಿದಳು. ಅಷ್ಟು ಬೇಳೆ ನಮಗೆ ಬೇಕಿರಲಿಲ್ಲ.

ಹುಡುಗಿಯರು ಮರಳಿ ಬಂದ ಸಂಜೆ ಘಂಟಾಘರದ ತೋಟದಲ್ಲಿ ಸೇರಿದರು. ಹೀರಾಮಣಿಗಾಗಿ ಉಣ್ಣೆಯ ಕಾಲುಚೀಲ ತಂದಿದ್ದರು. ಹೇಳಲಿಕ್ಕೆ ಅವರಲ್ಲಿ ಎಷ್ಟೋ ಇತ್ತು. ಆ ವಿಧವೆಯ ಮನೆಯ ಆಡೊಂದು ವಿಪಾಶಾಳ ದುಪಟ್ಟಾ ಅರ್ಧ ತಿಂದುಹಾಕಿತ್ತು. ಅದಕ್ಕೆ ಇವರು ಹಳ್ಳಿಯ ಪಂಚಾಯಿತಿ ಮುಖ್ಯಸ್ಥನ ಹಾಗೆ ಪ್ರಧಾನ್‌ಜೀ ಎಂದು ಹೆಸರಿಟ್ಟಿದ್ದರು. ಒಬ್ಬಳು "ಪ್ರಧಾನ್‌ಜೀ ಸಹಿ ಆಗಬೇಕು" ಅಂದರೆ ಸಾಕು, ನಾಲ್ವರೂ ಬಿದ್ದು ಬಿದ್ದು ನಗುತ್ತಿದ್ದರು.

"ಯಾಕೆ, ಸಹಿ ಯಾಕೆ?" ಎಂದು ಇವಳು ಕೇಳಿದಳು.

"ಅದು... ಹೇಗೆ ಹೇಳೋದು," ರಕ್ಷಾ ಕಣ್ಣೊರೆಸಿಕೊಂಡಳು. "ಅವತ್ತು ನೀನು ಇರಬೇಕಿತ್ತು ಹೀರಾ. ಹೇಳಿದ್ರೆ ನಗು ಬರಲ್ಲ."

ಹೀರಾಮಣಿ ನಕ್ಕಳು, ಉಳಿದವರಿಗಿಂತ ತುಸು ತಡವಾಗಿ. ನಾಲ್ಕೈದು ಸಂಜೆ ಹಾಗೇ ನಕ್ಕಳು. ಆಮೇಲೆ ತೋಟಕ್ಕೆ ಹೋಗುವುದು ಕಡಿಮೆಯಾಯಿತು. ಕರೆಯಲು ಬಂದವರಿಗೆ ತಲೆನೋವು ಅಂದಳು, ಹೊಲಿಗೆ ಇದೆ ಅಂದಳು. ಯಾರೂ ಯಾರ ಜೊತೆಗೂ ಜಗಳವಾಡಲಿಲ್ಲ. ಮಳೆಗಾಲದ ಹೊತ್ತಿಗೆ ರಕ್ಷಾ ಮದುವೆಯಾಗಿ ಪಠಾಣ್‌ಕೋಟಿಗೆ ಹೋದಳು, ಮಿಕ್ಕವರು ಒಬ್ಬೊಬ್ಬರಾಗಿ ಚದುರಿದರು.

ದಸರೆಯ ಸುಮಾರಿಗೆ ಸುಂದರನಗರದಿಂದ ಮಧ್ಯಸ್ಥಗಾರ ಬಂದ. ಹುಡುಗ ಬದ್ದಿಯಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬಳನ್ನು ಮದುವೆಯಾಗಿಬಿಟ್ಟಿದ್ದ; ಮನೆಯವರಿಗೂ ಗೊತ್ತಿರಲಿಲ್ಲವಂತೆ. ಸಗಾಯಿಯ ಉಂಗುರ, ಸೀರೆಗಳು ಎರಡೂ ಕಡೆ ಹಿಂದಿರುಗಿದವು. ಹೀರಾಮಣಿ ಅದಕ್ಕೆ ಹೆಚ್ಚು ಅಳಲಿಲ್ಲ. ಊಟ ಬಿಟ್ಟವನು ಖೇಮ್‌ಚಂದ್. ಒಂದು ಭಾನುವಾರ ಅವಳ ಮುಂದೆ ಬಂದು ನಿಂತ.

"ನಡಿ, ತೀರ್ಥನ್‌ಗೆ ಹೋಗಿ ಬರೋಣ. ನೀನು, ನಾನು, ಅಮ್ಮ. ಚಾಚಿನೂ ಬರಲಿ."

ಅವಳು ಶಾಲು ಹೊದ್ದುಕೊಂಡಳು. ಹಾಗೆ ನಾನೂ ಹೋದೆ. ಔಟ್ ಎಂಬ ಊರಿನ ಸುರಂಗದ ಹತ್ತಿರ ಕುಲ್ಲೂ ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲೆ ಖೇಮ್‌ಚಂದನಿಗೆ ಮಾತು ಬಂತು. ತಂಗಿಯನ್ನು ನಗಿಸಬೇಕೆಂದು ಅವನ ಆಸೆ.

"ಇಲ್ಲೇ ವಿಪಾಶಾ ಗಾಡಿ ನಿಲ್ಲಿಸಿದ್ದು. ನಿನ್ನ ನಿಂಬೆಹಣ್ಣು ರಕ್ಷಾ ತಿಂದುಬಿಟ್ಟಿದ್ಳು." ಮುಂದೆ ಒಂದು ಅಂಗಡಿ. "ಇಲ್ಲಿ ಬಿಸಿಬಿಸಿ ಸಿಡ್ಡು ರೊಟ್ಟಿ ತಿಂದ್ರು. ರಕ್ಷಾ ತುಪ್ಪ ಬೇಡ ಬೇಡ ಅಂತ ಮೂರು ಸಲ ಹಾಕಿಸ್ಕೊಂಡ್ಳು." ಗುಶೈನಿಯಲ್ಲಿ ಇಳಿದು ಹೊಳೆಯ ಕಡೆಗೆ ನಡೆದೆವು. "ಆ ಬಂಡೆ ನೋಡು. ನಾಲ್ಕೂ ಜನ ಅದರ ಮೇಲೆ ಕೂತು ಕಾಲು ಇಳಿಬಿಟ್ಟು, ಸಂಜೆವರೆಗೂ ಹಾಡೇ ಹಾಡು. ಅಲ್ಲಿ ಆ ಆಡು..."

"ಭಾಯಿ," ಎಂದಳು ಹೀರಾಮಣಿ. "ನಿನಗೆಲ್ಲಾ ಗೊತ್ತು."

ಅವನು ಅಲ್ಲೇ ನಿಂತ. ಆಮೇಲೆ ಒಂದು ಕಲ್ಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನಾನೂ ನಕ್ಕೆ ಹೀರಾ ಅವತ್ತು. ನಗಬಾರದಿತ್ತು. ನೀನಿಲ್ಲ ಅನ್ನೋದು ನೆನಪಿತ್ತು, ಆದ್ರೂ ನಕ್ಕೆ."

ಅವಳು ಅಣ್ಣನ ಬೆನ್ನ ಮೇಲೆ ಕೈಯಿಟ್ಟಳು. ಆದರೆ ಪರವಾಗಿಲ್ಲ ಅನ್ನಲಿಲ್ಲ. ಬಂಡೆಯ ಮೇಲೂ ಕೂರಲಿಲ್ಲ. ನೀರು ಕೊರೆಯುತ್ತಿತ್ತು, ಬಿಸಿಲು ಆಗಲೇ ಆಚೆ ಗುಡ್ಡ ಹತ್ತಿತ್ತು. ತಾಯಿಗೆ ಚಳಿಯಾಗುತ್ತಿದೆ ಎಂದು ಬೇಗನೆ ಹೊರಟುಬಂದೆವು.

ಆಮೇಲೆ ಬಂದ ಗಂಡುಗಳನ್ನು ಅವಳು ಬೇಡವೆಂದಳು, ಅಣ್ಣ ಒತ್ತಾಯ ಮಾಡಲಿಲ್ಲ. ಅವಳು ಓದು ಮುಂದುವರಿಸಿ ಶಿಕ್ಷಕಿಯಾದಳು. ಅವನಿಗೂ ಮದುವೆಯಾಯಿತು, ಹೆಂಡತಿ ಒಳ್ಳೆಯವಳು, ಅತ್ತಿಗೆ ನಾದಿನಿಗೆ ಚೆನ್ನಾಗಿಯೇ ಹೊಂದಿತು. ಹೊರಗಿನವರು ನೋಡಿದರೆ ಮನೆಯಲ್ಲಿ ಏನೂ ಕೆಟ್ಟಿರಲಿಲ್ಲ. ಆದರೆ ಅವಳು ಅಣ್ಣನನ್ನು ಕೇಳುವುದು ಬಿಟ್ಟಿದ್ದಳು. ಮೊದಲು ಓಣಿಯ ತುದಿಗೆ ಹೋಗುವುದಾದರೂ "ಭಾಯಿ, ಹೋಗಲಾ?" ಅನ್ನುತ್ತಿದ್ದವಳು, ಈಗ ಹೋಗ್ತಿದೀನಿ ಎಂದು ತಿಳಿಸುತ್ತಿದ್ದಳು. ಅದು ಅವನಿಗೂ ಗೊತ್ತಾಗಿತ್ತು.

ಕರ್ಸೋಗ್ ಕಡೆಯ ಹಳ್ಳಿಶಾಲೆಗೆ ಕೆಲಸದ ಆದೇಶ ಬಂದದ್ದನ್ನು ಅವಳು ಹೇಳಿದ್ದು ಪೆಟ್ಟಿಗೆ ಕಟ್ಟಿದ ಮೇಲೆ. ಖೇಮ್‌ಚಂದ್ ಗಾಡಿಯ ಕೀಲಿ ತೆಗೆದುಕೊಂಡು ಬಾಗಿಲಿಗೆ ಬಂದ.

"ಬಿಟ್ಟು ಬರ್ತೀನಿ. ದಾರಿ ಚೆನ್ನಾಗಿಲ್ಲ."

"ಬಸ್ಸಿದೆ ಭಾಯಿ. ನೀನು ಯಾಕೆ ಸುಮ್ನೆ."

ಅವನು ಪೆಟ್ಟಿಗೆ ಹೊತ್ತು ನಮ್ಮಿಬ್ಬರ ಜೊತೆ ಬಸ್‌ಸ್ಟ್ಯಾಂಡಿನವರೆಗೆ ಹೋದ, ಬಸ್ಸಿನ ಮೇಲೆ ಹತ್ತಿ ತಾನೇ ಹಗ್ಗ ಬಿಗಿದ. ಅವಳು ಅವನ ಕಾಲು ಮುಟ್ಟಿ ನಮಸ್ಕರಿಸಿ ಬಸ್ಸು ಹತ್ತಿದಳು. ಬಸ್ಸು ಹೊರಟ ಮೇಲೂ ಅವನು ಅಲ್ಲೇ ನಿಂತಿದ್ದ. "ನಡಿ ಖೇಮೂ, ಮನೆಗೆ ಹೋಗೋಣ," ಎಂದೆ. ಮುಂದಿನ ಬಸ್ಸಿನವನು ಹಾರನ್ ಹೊಡೆದು ದಾರಿ ಬಿಡು ಎಂದು ಬೈದ ಮೇಲೆಯೇ ಅವನು ಪಕ್ಕಕ್ಕೆ ಸರಿದದ್ದು.