ಹಿಂದಕ್ಕೆ ಓಡಿ ಉಳಿದುಕೊಂಡ ಹಡಗು

ಹಡಗಿನ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತೊಡಿಸಿದ ಜಗತ್ತಿನ ಏಕೈಕ ಇಂಜಿನಿಯರ್ ಬಹುಶಃ ನಾನೇ. ಮೂರು ವರ್ಷದ ಹಿಂದೆ ದುಬೈಯ ಹಡಗು ರಿಪೇರಿ ಯಾರ್ಡೊಂದರಲ್ಲಿ ಜೂನಿಯರ್ ಆಗಿದ್ದೆ. ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಬಾಡಿಗೆ ರೂಮಿನಲ್ಲಿ, ಗೆಳೆಯರೆದುರು ಮಾತ್ರ, ಚೀಫ್ ಇಂಜಿನಿಯರ್.

ಆಗ ಯಾರ್ಡಿಗೆ ಬಂದದ್ದು ಒಂದು ಪ್ಯಾಡಲ್ ಸ್ಟೀಮರ್. ಎರಡೂ ಪಕ್ಕ ಮನೆಯೆತ್ತರದ ಚಕ್ರ. ಹಬೆಯ ಇಂಜಿನ್ ಅವನ್ನು ತಿರುಗಿಸಿದರೆ ಚಕ್ರದ ಹಲಗೆಗಳು ನೀರನ್ನು ತಳ್ಳಿ ಹಡಗು ಸಾಗುತ್ತದೆ. ಮೊದಲ ಮಾಲೀಕ ಯುರೋಪಿನ ನದಿಯಲ್ಲಿ ಅದರಿಂದ ಜನ ಸಾಗಿಸಿದ. ಎರಡನೆಯವನು ದಡಕ್ಕೆ ಕಟ್ಟಿಹಾಕಿ ಹೋಟೆಲ್ ಮಾಡಿದ. ಮೂರನೆಯವನು ದುಬೈಗೆ ಎಳೆದು ತಂದು ಮದುವೆ ಹಾಲ್ ಮಾಡಿ, ಚಕ್ರಗಳಿಗೆ ಬಣ್ಣದ ಬಲ್ಬು ಸುತ್ತಿದ. ಇಷ್ಟೆಲ್ಲ ಆದರೂ ಒಳಗೆ ಆ ಇಂಜಿನ್, ನೆಂಟರ ಗಲಾಟೆ ಮುಗಿಯಲೆಂದು ಕಾಯುವ ಅಜ್ಜಿಯ ಹಾಗೆ, ಬೆನ್ನು ನೆಟ್ಟಗಿಟ್ಟು ಕೂತಿತ್ತು.

ನಾಲ್ಕನೆಯ ಮಾಲೀಕರು ಅಬುಧಾಬಿಯ ಹಿರಿಯ ಅರಬ್, ನಮಗೆಲ್ಲ ಅರ್ಬಾಬ್, ಅಂದರೆ ಧಣಿ. ಅವರದು ಒಂದೇ ಷರತ್ತು: ಟ್ರಯಲ್‌ನಲ್ಲಿ ಸ್ವಂತ ಹಬೆಯಲ್ಲಿ ಓಡಿದರೆ ಇಂಜಿನ್ ಉಳಿಯುತ್ತದೆ, ಇಲ್ಲವಾದರೆ ಅದನ್ನು ಕತ್ತರಿಸಿ ತೆಗೆದು ಅಲ್ಲೊಂದು ಅಡುಗೆಮನೆ. ನಮ್ಮ ಚೀಫ್, ಮೂಲ್ಕಿಯ ಸದಾನಂದಣ್ಣ, ಚಳಿಗಾಲವಿಡೀ ಆ ಇಂಜಿನ್ನಿನ ಹೊಟ್ಟೆಯೊಳಗೇ ವಾಸವಿದ್ದರು. ಹಲಗೆ ಜೋಡಿಸುವ ಕೆಲಸ ಮಾತ್ರ ನನಗೆ ಬಿಟ್ಟರು.

"ಡ್ರಾಯಿಂಗ್ ನೋಡಿ ಹಾಕು ಮಾರಾಯ."

"ಹಲಗೆಗೆಂತ ಡ್ರಾಯಿಂಗ್ ಅಣ್ಣ?" ಎಂದೆ, ಮಹಾಜ್ಞಾನಿ.

ಹಲಗೆಗಳಿಗೆ ಒಂದು ಓರೆ ಇರುತ್ತದೆ. ಎಡಚಕ್ರದ್ದನ್ನು ಬಲಕ್ಕೆ ಹಾಕಬಾರದು. ನಾನು ಒಂದನ್ನೂ ಬಿಡದೆ ಅದಲು ಬದಲು ಹಾಕಿದ್ದೆ.

ಟ್ರಯಲ್ ದಿನ ಚಕ್ರಗಳು ತಿರುಗಿದವು. ಹಡಗು ಕದಲಲಿಲ್ಲ, ಅರ್ಧ ಸಮುದ್ರ ಎದ್ದು ಡೆಕ್ಕಿಗೆ ಬಂತು. ಅರ್ಬಾಬರ ಬಿಳಿ ನಿಲುವಂಗಿ, ಆ ಕಂದೂರ, ಮೈಗೆ ಅಂಟಿಕೊಂಡಿತು.

"ಖಲಾಸ್! ಇಂಜಿನ್ ತೆಗೀರಿ," ಎಂದರು ಅವರು.

ಸದಾನಂದಣ್ಣ ಬಗ್ಗಿ ಚಕ್ರ ನೋಡಿದರು. ಆಮೇಲೆ ನನ್ನನ್ನು. ಅರ್ಬಾಬರಿಗೆ ಕೈಮುಗಿದು ಹಿಂದಿಯಲ್ಲಿ, "ತಪ್ಪು ಇಂಜಿನ್ನಿನದಲ್ಲ ಅರ್ಬಾಬ್, ಈ ಮಂಗನದು. ಹಲಗೆ ಉಲ್ಟಾ ಹಾಕಿದ್ದಾನೆ. ಐದು ನಿಮಿಷ ಕೊಡಿ," ಎಂದು ಕೆಳಗಿಳಿದು ಇಂಜಿನ್ನನ್ನು ರಿವರ್ಸ್‌ಗೆ ಹಾಕಿದರು. ಉಲ್ಟಾ ಹಾಕಿದ ಹಲಗೆ ನೀರನ್ನು ಸರಿಯಾಗಿ ತಳ್ಳುವುದು ಚಕ್ರ ಉಲ್ಟಾ ತಿರುಗಿದಾಗಲೇ.

ಅಜ್ಜಿ ಓಡಿದ ಓಟವೇ! ಹಿಮ್ಮುಖವಾಗಿ, ಕಾವಲಿಗೆ ಬಂದ ಟಗ್‌ಬೋಟನ್ನೂ ಹಿಂದೆ ಹಾಕಿ, ಒಂದಿಷ್ಟೂ ನಡುಗದೆ. ಪಕ್ಕದ ದೋಣಿಯವರು ಚಹಾ ಲೋಟ ಹಿಡಿದೇ ಎದ್ದು ನಿಂತರು. ಅರ್ಬಾಬ್ ಒದ್ದೆ ಬಟ್ಟೆಯಲ್ಲೇ ಕಂಬಿ ಹಿಡಿದು "ಯಲ್ಲಾ! ಯಲ್ಲಾ!", ನಡಿ ನಡಿ, ಎಂದು ಮಗುವಿನ ಹಾಗೆ ಕೂಗುತ್ತಿದ್ದರು. ಅಡುಗೆಮನೆಯ ಮಾತನ್ನು ಮತ್ತೆ ಅವರು ಎತ್ತಲಿಲ್ಲ.

ಅಂದಿನಿಂದ ಬಾಗಿಲಿನ ಚಿಲಕ ಹಾಕುವುದಕ್ಕೂ ನಾನು ಡ್ರಾಯಿಂಗ್ ಕೇಳುತ್ತೇನೆ. ಆ ಸಂಜೆ ಹಲಗೆಗಳನ್ನೆಲ್ಲ ಬಿಚ್ಚುತ್ತ ಬೈಗುಳಕ್ಕೆ ಕಾಯುತ್ತಿದ್ದೆ. ಸದಾನಂದಣ್ಣ ಪಕ್ಕದಲ್ಲಿ ಬಂದು ಕೂತು, ಸ್ಪ್ಯಾನರ್ ಎತ್ತಿಕೊಂಡು ಹೇಳಿದರು:

"ಬಂದ ಮಾಲೀಕರೆಲ್ಲ ಇವಳಿಗೆ ಸಿಂಗಾರ ಮಾಡಿದ್ದೇ ಮಾಡಿದ್ದು. ಸಿಟ್ಟು ಬರಿಸಿದ್ದು ನೀನೊಬ್ಬನೇ ಮಾರಾಯ. ಜೀವ ಉಂಟು ಅಂತ ಗೊತ್ತಾದದ್ದು ಅದರಿಂದಲೇ."