ಕುರ್ಚಿಲಿ ಕೂತೋರಿಗೆ ಇಲ್ಲ ಅನ್ನದ ಅಪ್ಪ

ಏ, ಎದುರು ಫುಟ್‌ಪಾತಲ್ಲಿ ಹೋಗ್ತಿರೋರೇ! ಹೂಂ, ನಿಮಗೇ ಹೇಳ್ತಿರೋದು! ಒಂಚೂರು ಈ ಕಡೆ ದಾಟಿ ಬನ್ನಿ, ನಮ್ಮ ಗುಂಗುರನ ಕಥೆ ಇದೆ. ಗಾಡಿ ಓಡಿಸ್ತಾ ಕೇಳ್ತಿದ್ರೆ ಪಕ್ಕಕ್ಕೆ ಹಾಕಿ ಮಾರಾಯ್ರೇ, ಆಮೇಲೆ ಯಾರಿಗಾದ್ರೂ ಗುದ್ದಿ ನನ್ನ ಹೆಸರು ಹೇಳ್ಬೇಡಿ.

ಗುಂಗುರ ಅಂದ್ರೆ ಮೂಲೇಲಿ ಕಟಿಂಗ್ ಶಾಪ್ ಇಟ್ಕೊಂಡಿರೋನು. ಊರೋರ ತಲೆಯೆಲ್ಲ ಓರಣ ಮಾಡ್ತಾನೆ, ಅವನ ತಲೆ ಮಾತ್ರ ಕಾಗೆ ಗೂಡು. ಎರಡು ಕುರ್ಚಿ, ಗೋಡೆ ತುಂಬ ಕನ್ನಡಿ, ಮೂಲೇಲಿ ಕಾಲು ಅಲ್ಲಾಡೋ ಬೆಂಚು. ಅಂಗಡಿ ಮೇಲಿನ ಎರಡು ರೂಮಲ್ಲಿ ಅವನೂ ಅವನಪ್ಪನೂ ಇರೋದು. ಅಪ್ಪನೇ ಈ ಅಂಗಡಿ ಶುರು ಮಾಡಿದ್ದು. ಅವರಿಗೆ ಬೀದಿಯೋರು ಇಟ್ಟಿರೋ ಹೆಸರು ಹೌದಪ್ಪ.

ಯಾಕೆ ಅಂತೀರಾ? ಅವರ ಕುರ್ಚಿಲಿ ಕೂತು ನೀವು ಏನೇ ಹೇಳಿ, 'ಹೌದು ಸ್ವಾಮಿ' ಅನ್ನೋರು. ಎಲೆಕ್ಷನ್ ಟೈಮಲ್ಲಿ ಈ ಪಾರ್ಟಿಯೋನು ಈ ಕುರ್ಚಿಲಿ, ಆ ಪಾರ್ಟಿಯೋನು ಆ ಕುರ್ಚಿಲಿ. ಇಬ್ಬರಿಗೂ 'ಹೌದು ಸ್ವಾಮಿ, ಗೆಲ್ಲೋದು ನೀವೇ' ಅಂತ ಹೇಳಿ, ಇಬ್ಬರ ಮೀಸೇನೂ ನೆಟ್ಟಗೆ ಮಾಡಿ ಕಳಿಸಿದೋರು. ಗುಂಗುರ ಚಿಕ್ಕೋನಿದ್ದಾಗ, 'ಯಾಕಪ್ಪಾ ಹಿಂಗೆ ಸುಳ್ಳು ಹೇಳ್ತೀಯ?' ಅಂತ ಕೇಳಿದ್ದ. 'ಸುಳ್ಳಲ್ಲ ಕಣೋ, ಕೆಲಸ. ನಾವು ಎದುರು ಮಾತಾಡಿದ್ರೆ ಅವರ ಕತ್ತು ಬಿಗಿಯುತ್ತೆ. ಕತ್ತು ಬಿಗಿದ್ರೆ ಕತ್ತಿ ಕಚ್ಚುತ್ತೆ' ಅಂದಿದ್ರು.

ಆ ಹೌದಪ್ಪನಿಗೆ ಈಗ ಮರೆವಿನ ಕಾಯಿಲೆ. ಮೊದಲು ಗಿರಾಕಿಗಳ ಹೆಸರು ಹೋಯ್ತು, ಆಮೇಲೆ ಬೀದಿ ದಾರಿ ಹೋಯ್ತು. ಮಗನ್ನ ಒಂದೊಂದು ಹೊತ್ತು ಗುರುತಿಸ್ತಾರೆ, ಒಂದೊಂದು ಹೊತ್ತು 'ಯಾರಪ್ಪಾ ನೀನು, ಒಳ್ಳೇ ಹುಡುಗ' ಅಂತಾರೆ. ಮೊನ್ನೆ ಮಧ್ಯಾಹ್ನ ಒಲೆ ಮೇಲೆ ಖಾಲಿ ಪಾತ್ರೆ ಇಟ್ಟು ಗ್ಯಾಸ್ ಹಚ್ಚಿ, ಬರಿಗಾಲಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿದ್ರು.

ಡಾಕ್ಟರಮ್ಮ ಗುಂಗುರನ್ನ ಪಕ್ಕಕ್ಕೆ ಕರೆದು ಹೇಳಿದ್ರು: 'ಇನ್ನೂ ಮಾತು ತಿಳಿಯುತ್ತೆ, ಈಗಲೇ ಕೇಳಿ ಇಟ್ಕೊಳ್ಳಿ. ಕಾಯಿಲೆ ಜೋರಾದ ಮೇಲೆ ಎಲ್ಲಿರೋಕೆ ಇಷ್ಟ, ನುಂಗೋಕೆ ಆಗದೇ ಇದ್ರೆ ಮೂಗಿಗೆ ನಳಿಗೆ ಹಾಕಿ ಊಟ ಕೊಡೋದು ಬೇಕಾ ಬೇಡ್ವಾ, ಅವರ ಬಾಯಿಂದಲೇ ಬರಲಿ. ಬಿಟ್ರೆ ಆಮೇಲೆ ನೀವೇ ಊಹೆ ಮಾಡ್ಕೋಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ. ನೆಮ್ಮದಿಯಾಗಿರೋ ಜಾಗ, ನೆಮ್ಮದಿಯಾಗಿರೋ ಹೊತ್ತು ನೋಡ್ಕೊಳ್ಳಿ.'

ಗುಂಗುರನ ಅಕ್ಕ ಬೇಕರೀಲಿ ಕೆಲಸ ಮಾಡೋಳು. ಮಾತೂ ಹಾಗೇನೇ, ಒಲೆಯಿಂದ ಆಗಷ್ಟೇ ತೆಗೆದಂಗೆ. ಅವಳು ಆಗಲೇ ಮರೆವು ಬಂದೋರನ್ನ ನೋಡ್ಕೊಳ್ಳೋ ಒಂದು ಹೋಮ್ ಹುಡುಕಿದ್ಲು. ಅಲ್ಲಿ ಒಂದೇ ಒಂದು ಬೆಡ್ ಖಾಲಿ ಇತ್ತು. ಭಾನುವಾರ ಸಂಜೆ ಒಳಗೆ ಹೂಂ ಅಥವಾ ಊಹೂಂ ಹೇಳ್ಬೇಕು. ಗುಂಗುರನಿಗೆ ಅಪ್ಪನ್ನ ಕಳಿಸೋಕೆ ಜೀವ ಒಪ್ಪಲ್ಲ. ಹಂಗಂತ ಅಂಗಡಿ ನೋಡ್ಕೊಂಡು ಅಪ್ಪನ್ನೂ ಕಾಯೋ ಧೈರ್ಯ ಇದೆಯಾ ಅಂದ್ರೆ ಅದೂ ಇಲ್ಲ.

ಶನಿವಾರ ತಿಂಡಿ ಹೊತ್ತಲ್ಲಿ ನೇರವಾಗಿ ಕೇಳೇಬಿಟ್ಟ. 'ಅಪ್ಪಾ, ಮುಂದೆ ನಿಂಗೆ ಇನ್ನೂ ಜಾಸ್ತಿ ಆದ್ರೆ ಎಲ್ಲಿರ್ತೀಯಾ?'

'ಜಾಸ್ತಿ ಆಗೋದು ಏನು? ನನಗೇನಾಗಿದೆ?'

'ಏನಿಲ್ಲ, ಮರೆವು...'

'ನನ್ನ ಮನೆಯಿಂದ ನನ್ನೇ ಓಡಿಸ್ತೀಯೇನೋ?' ಅಂತ ಲೋಟ ಎತ್ತಿ ಬಿಸಾಕಿದ್ರು. ಕಾಫಿ ಗೋಡೆ ಮೇಲೆ ಇಳೀತು. ಸ್ವಲ್ಪ ಹೊತ್ತಿಗೆ ಜಗಳ ಮರೆತೇಹೋಯ್ತು, ಹೆದರಿಕೆ ಮಾತ್ರ ಹೋಗಲಿಲ್ಲ. ಯಾಕೆ ಹೆದರಿದ್ದೀನಿ ಅಂತಾನೇ ಗೊತ್ತಿಲ್ದೆ ದಿನವೆಲ್ಲ ಬಾಗಿಲು ಹಿಡ್ಕೊಂಡು ನಿಂತಿದ್ರು.

ಭಾನುವಾರ ಬೆಳಿಗ್ಗೆ ಗುಂಗುರನಿಗೆ ಡಾಕ್ಟರಮ್ಮನ ಮಾತು ನೆನಪಾಯ್ತು. ನೆಮ್ಮದಿಯ ಜಾಗ! ಅಪ್ಪನಿಗೆ ಅಂಗಡಿ ಬಿಟ್ರೆ ಬೇರೆ ಯಾವುದಿದೆ? ಗಿರಾಕಿ ಬರೋಕೆ ಮುಂಚೆ ಕೆಳಗೆ ಕರ್ಕೊಂಡು ಬಂದ, ತಾನೇ ಕುರ್ಚಿಲಿ ಕೂತ. ಅಷ್ಟೇ ನೋಡಿ, ಅಪ್ಪನ ಬೆನ್ನು ನೆಟ್ಟಗಾಯ್ತು. ಬಟ್ಟೆ ಫಟ್ ಅಂತ ಒದರಿ ಕತ್ತಿಗೆ ಕಟ್ಟಿದ್ರು. ಬ್ರಷ್ಷಲ್ಲಿ ನೊರೆ ಬರಿಸಿ ಕೆನ್ನೆಗೆ ಬಳಿದ್ರು. ಕೈ ಒಂಚೂರೂ ನಡುಗಲಿಲ್ಲ. ಅಪ್ಪನ ರೇಜರಲ್ಲಿ ಬ್ಲೇಡ್ ಇರಲಿಲ್ಲ, ಅದನ್ನ ಗುಂಗುರ ಯಾವತ್ತೋ ತೆಗೆದಿಟ್ಟಿದ್ದ.

'ಏನ್ ಸ್ವಾಮಿ, ಬಹಳ ದಿನ ಆಯ್ತು ಬಂದು!'

ಗುಂಗುರ ಕನ್ನಡೀಲಿ ಅಪ್ಪನ ಮುಖ ನೋಡಿ ಅಂದ, 'ನಮ್ಮ ತಂದೆಗೆ ಹುಷಾರಿಲ್ಲ ಯಜಮಾನ್ರೇ. ಮರೆವು.'

'ಅಯ್ಯೋ ಪಾಪ. ವಯಸ್ಸೆಷ್ಟು?'

'ನಿಮ್ಮಷ್ಟೇ.'

'ಇನ್ನೂ ಹುಡುಗ ಬಿಡಿ ಹಾಗಾದ್ರೆ!'

ಗುಂಗುರ ನೊರೆ ಒಳಗೇ ನಕ್ಕ. ಆಮೇಲೆ, 'ಅವರನ್ನ ಎಲ್ಲೂ ಬಿಡೋದು ಬೇಡ, ಮನೇಲೇ ಇಟ್ಕೊಳ್ಳೋಣ ಅಂತಿದ್ದೀನಿ' ಅಂದ.

'ಹೌದು ಸ್ವಾಮಿ. ಮನೆ ಬಿಟ್ಟು ಹೋದ್ರೆ ಜೀವ ಅರ್ಧ ಆಗುತ್ತೆ. ಮಗ ಇದ್ದಾನೆ ಅಂತ ಒಂದು ಧೈರ್ಯ ಇರುತ್ತಲ್ಲ.'

'ಕೊನೇಲಿ ನಳಿಗೆ ಗಿಳಿಗೆ ಹಾಕಿ ನೋಯಿಸೋದೂ ಬೇಡ ಅಂತ...'

'ಬೇಡ ಸ್ವಾಮಿ ಬೇಡ. ನೆಮ್ಮದಿಯಾಗಿ ಹೋಗ್ಲಿ.'

ಗುಂಗುರನ ಕಣ್ಣಿಂದ ನೀರು ಇಳಿದು ನೊರೇಲಿ ದಾರಿ ಮಾಡ್ತು. ಮುಖ ಒರೆಸ್ಕೊಳ್ಳೋಕೂ ಮುಂಚೆ ಅಕ್ಕನಿಗೆ ಫೋನ್ ಹಚ್ಚಿದ. 'ಅಕ್ಕಾ, ಅಪ್ಪ ಹೇಳ್ಬಿಟ್ಟ ಕಣೇ! ತನ್ನ ಬಾಯಿಂದಲೇ ಹೇಳ್ಬಿಟ್ಟ!'

'ನನ್ನ ಎದುರು ಹೇಳಿಸು, ನೋಡೋಣ' ಅಂದ್ಲು ಅಕ್ಕ.

ಮಧ್ಯಾಹ್ನ ಬಂದ್ಲು, ಮೊಣಕೈವರೆಗೂ ಮೈದಾ ಹಿಟ್ಟು. ಸೀದಾ ಹೋಗಿ ಕುರ್ಚಿಲಿ ಕೂತ್ಲು. ಅಪ್ಪ ಒಂದು ಕ್ಷಣ ತಡವರಿಸಿದ್ರು. ಆಮೇಲೆ ಬಟ್ಟೆ ಕಟ್ಟಿ ಬಾಚಣಿಗೆ ತಗೊಂಡ್ರು. 'ತುದಿ ಮಾತ್ರ ಸಮ ಮಾಡ್ಲಾ ತಾಯಿ?'

ಗುಂಗುರ ಏನೋ ಹೇಳೋಕೆ ಹೋದ. 'ನೀನು ಬಾಯಿ ಮುಚ್ಕೊಂಡು ಬೆಂಚ್ ಮೇಲೆ ಕೂತ್ಕೋ' ಅಂದ್ಲು. ಆಮೇಲೆ ಕನ್ನಡಿ ಕಡೆ ತಿರುಗಿ, 'ಯಜಮಾನ್ರೇ, ನಮ್ಮಪ್ಪನ್ನ ನೋಡ್ಕೊಳ್ಳೋರು ಇರೋ ಒಳ್ಳೇ ಜಾಗಕ್ಕೆ ಸೇರಿಸ್ಬೇಕು ಅಂತಿದ್ದೀನಿ.'

'ಹೌದು ತಾಯಿ, ಒಳ್ಳೇ ಯೋಚನೆ. ಮನೇಲಿ ಯಾರು ನೋಡ್ತಾರೆ? ಅಲ್ಲಾದ್ರೆ ಹೊತ್ತು ಹೊತ್ತಿಗೆ ಊಟ, ಮಾತಾಡೋಕೆ ಜನ.'

'ನಳಿಗೆ ಹಾಕಿ ಆದ್ರೂ ಉಳಿಸ್ಕೋಬೇಕು ಅಂತ ನನ್ನಾಸೆ.'

'ಹೌದು ತಾಯಿ. ಜೀವ ಇದ್ರೆ ತಾನೇ ಎಲ್ಲ.'

ಅದೇ ದನಿ, ಅದೇ ಅಕ್ಕರೆ. ಅಕ್ಕ ಗೆದ್ದೋಳ ಥರ ಕನ್ನಡೀಲಿ ತಮ್ಮನ್ನ ನೋಡಿದ್ಲು. ಅವನು ಎರಡೂ ಕೈ ತಲೆ ಮೇಲೆ ಹೊತ್ಕೊಂಡು ಕೂತಿದ್ದ. ಅದನ್ನ ನೋಡಿ ಅವಳ ಮುಖವೂ ಇಳೀತು. ಪರೀಕ್ಷೆ ಮಾಡೋಕೆ ಅಂತ ಮೆಲ್ಲಗೆ ಅಂದ್ಲು, 'ಇಲ್ಲ ಯಜಮಾನ್ರೇ, ಬೇಡ ಅನ್ಸುತ್ತೆ. ಮನೇಲೇ ಇಟ್ಕೋತೀನಿ.'

'ಅದೇ ಸರಿ ತಾಯಿ' ಅಂದ್ರು ಹೌದಪ್ಪ, ಬಾಚಣಿಗೆ ನಿಲ್ಲಿಸದೇನೇ.

ಅಕ್ಕ ಬಟ್ಟೆ ಬಿಚ್ಚಿ ಎದ್ದು ಬಂದು ಬೆಂಚಲ್ಲಿ ತಮ್ಮನ ಪಕ್ಕ ಕೂತ್ಲು. ಬೆಂಚು ಒಂದು ಕಡೆಗೆ ವಾಲ್ತು.

'ನಮ್ಮನ್ನ ಮರೆತ, ಅಂಗಡಿ ಬುದ್ಧಿ ಮರೀಲಿಲ್ಲ ನೋಡು' ಅಂದ್ಲು.

'ನಾನಾದ್ರೂ ಯೋಚನೆ ಮಾಡ್ಬೇಕಿತ್ತು ಕಣೇ. ಇಷ್ಟು ವರ್ಷ ಪಕ್ಕದಲ್ಲೇ ನಿಂತು ಕೇಳಿದ್ದೀನಿ.'

'ಸಂಜೆ ಫೋನ್ ಮಾಡ್ತೀನಿ. ಇಬ್ಬರೂ ಸೇರಿ ಹೋಮಿನೋರಿಗೆ ಒಂದು ಉತ್ತರ ಹೇಳೋಣ. ನಾನೊಬ್ಬಳೇ ಹೇಳಲ್ಲಪ್ಪ, ನಾಳೆ ನೀನು ನನ್ನ ತಲೆ ಮೇಲೆ ಹಾಕ್ತೀಯಾ.'

'ನೀನು ನನ್ನ ಮೇಲೆ ಹಾಕಲ್ವಾ?'

'ಹಾಕ್ತೀನಿ' ಅಂದ್ಲು. ಹೋಗ್ತಾ ಅಪ್ಪನ ಅಂಗಿ ಕಾಲರ್ ಸರಿ ಮಾಡಿದ್ಲು. 'ಮತ್ತೆ ಬನ್ನಿ ತಾಯಿ' ಅಂದ್ರು ಅವರು.

ಸಂಜೆ ಕೊನೇ ಗಿರಾಕಿ ಹೋದ ಮೇಲೆ ಗುಂಗುರ ಶಟರ್ ಅರ್ಧ ಎಳೆದ. ಒಂದು ಆಸೆ ಉಳಿದಿತ್ತು ಅವನಿಗೆ. ನಿಂತು ಕೆಲಸ ಮಾಡೋನು ಹೌದು ಅನ್ಬೇಕು ಸರಿ, ಕೂತೋನು ಇಲ್ಲ ಅನ್ನಬಹುದಲ್ಲ? ಈ ಸಲ ಅಪ್ಪನ್ನೇ ಕುರ್ಚಿಲಿ ಕೂರಿಸಿದ. ಬಟ್ಟೆ ಕಟ್ಟಿದ, ನೊರೆ ಬಳಿದ. ತನ್ನ ರೇಜರಿಗೆ ಹೊಸ ಬ್ಲೇಡ್ ಹಾಕಿದ. ಒಂದು ಕೆನ್ನೆ ಮುಗಿಸಿ ಗದ್ದದ ಕೆಳಗೆ ಬಂದಾಗ, ಆದಷ್ಟು ಮೆತ್ತಗೆ ಕೇಳಿದ.

'ಅಪ್ಪಾ, ನಾನು ನಿನ್ನ ಮಗ. ನಿನಗೆ ಎಲ್ಲಿರೋಕೆ ಇಷ್ಟ? ನೀನು ಹೇಳಿದಂಗೇ ಮಾಡ್ತೀನಿ.'

ಅಪ್ಪನ ಕತ್ತು ಅವನ ಬೆರಳ ಕೆಳಗೆ ಬಿಗೀತು. ನರ ಎದ್ದು ನಿಂತಿತು. ಕಣ್ಣಲ್ಲಿ ನಿನ್ನೆಯ ಹೆದರಿಕೆ. ಬ್ಲೇಡ್ ಅಲ್ಲೇ, ಗಂಟಲ ಮೇಲೆ. ಗುಂಗುರನ ಕೈ ಅಲ್ಲಾಡಲಿಲ್ಲ.

'ಬೇಗ ಮುಗಿಸಿ ಸ್ವಾಮಿ' ಅಂದ್ರು ಅಪ್ಪ. 'ಮನೆಗೆ ಹೋಗ್ಬೇಕು. ಮಗ ಕಾಯ್ತಿರ್ತಾನೆ.'

ಮನೆಗೆ ಹೋಗ್ಬೇಕು. ಈ ಮಾತನ್ನ ಅವರು ಮನೇಲಿ, ಅವರ ಮಂಚದ ಮೇಲೇ ಕೂತ್ಕೊಂಡೂ ದಿನಾ ಹೇಳ್ತಾರೆ. ಬಸ್ ಸ್ಟ್ಯಾಂಡಲ್ಲೂ ಅದನ್ನೇ ಹೇಳ್ತಿದ್ರು. ಅದು ಯಾವ ಮನೆ, ಎಲ್ಲಿದೆ, ಗುಂಗುರನಿಗೆ ಗೊತ್ತಿಲ್ಲ.

'ಹೌದು ಸ್ವಾಮಿ' ಅಂದ ಗುಂಗುರ.

ಕತ್ತು ಸಡಿಲಾಯ್ತು. ಅಪ್ಪ ಕಣ್ಣು ಮುಚ್ಚಿದ್ರು. ಕನ್ನಡಿ ಮುಂದಿನ ಹಲಗೆ ಮೇಲೆ ಫೋನ್ ಗುರ್ ಅನ್ನೋಕೆ ಶುರುವಾಯ್ತು, ಪರದೆ ಮೇಲೆ 'ಅಕ್ಕ' ಅಂತ. ಅದು ನಡುಗ್ತಾ ನಡುಗ್ತಾ ಪೌಡರ್ ಡಬ್ಬಿವರೆಗೂ ಜರುಗಿ, ಅದಕ್ಕೆ ತಾಗಿ ನಿಂತಿತು. ಗುಂಗುರ ಅದರ ಕಡೆ ನೋಡಿದ, ಕೈ ಚಾಚಲಿಲ್ಲ. ಎಡಗೈಯಲ್ಲಿ ಅಪ್ಪನ ಗದ್ದ ಮೆಲ್ಲಗೆ ಎತ್ತಿ ಹಿಡಿದು, ಉಳಿದಿದ್ದ ಅರ್ಧ ಮುಖದ ನೊರೆ ತೆಗೆಯೋಕೆ ಶುರು ಮಾಡಿದ.